ಕೆಂಪು ಪಾಪ್ಪಿ

ಯುರೋಪು, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಗೋಧಿ, ಬಾರ್ಲಿ ಹೊಲಗಳಲ್ಲಿ ಕಳೆಯಾಗಿ ಹುಟ್ಟಿ, ಬೇಸಗೆಯ ಆರಂಭದಲ್ಲಿ ಹೊಲಕ್ಕೆ ಹೊಲವನ್ನೇ ಕೆಂಪಾಗಿಸುವ ಏಕವಾರ್ಷಿಕ ಗಿಡ. ಶಾಸ್ತ್ರೀಯ ನಾಮ ಪಪಾವರ್ ರೀಯಸ್. ಪಪಾವರೇಸೀ ಕುಟುಂಬಕ್ಕೆ ಸೇರಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೆ ಈ ಹೆಸರು ಕೊಟ್ಟ. ರೈತನಿಗೆ ಇದು ಕಿತ್ತೆಸೆಯಬೇಕಾದ ಕಳೆ. ಮೊದಲ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಹಲವು ದೇಶಗಳಿಗೆ ಇದು ಎದೆಯ ಮೇಲೆ ಧರಿಸುವ ನೆನಪು. ಎರಡಕ್ಕೂ ಕಾರಣ ಒಂದೇ: ನೆಲವನ್ನು ಯಾರಾದರೂ ಬಗೆದು ಮಗುಚಿದಲ್ಲಿ ಇದು ಹುಟ್ಟುತ್ತದೆ. ಬಗೆದದ್ದು ನೇಗಿಲೋ ಫಿರಂಗಿಯ ಗುಂಡೋ, ಬೀಜಕ್ಕೆ ಎರಡೂ ಒಂದೇ.

ಹೆಸರು, ನೆಂಟರು

ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಹೆಸರಿಲ್ಲ, ಏಕೆಂದರೆ ಇದು ನಮ್ಮ ಹೊಲಗಳ ಗಿಡವಲ್ಲ. ಇಂಗ್ಲಿಷ್ ಹೆಸರನ್ನು ಕೇಳಿದಂತೆಯೇ ‘ಪಾಪಿ’ ಎಂದು ಬರೆದರೆ ಅರ್ಥವೇ ಬೇರೆಯಾಗಿಬಿಡುತ್ತದೆ. ಆ ಗೊಂದಲ ಬೇಡವೆಂದು ಇಲ್ಲಿ ‘ಪಾಪ್ಪಿ’ ಎಂಬ ಒತ್ತಕ್ಷರದ ರೂಪವನ್ನು ಬಳಸಿದೆ. ನಾವು ಚೆನ್ನಾಗಿ ಬಲ್ಲದ್ದು ಇದರ ದಾಯಾದಿಯನ್ನು. ಹಬ್ಬದ ದಿನ ತೆಂಗಿನಕಾಯಿಯೊಡನೆ ರುಬ್ಬಿ ಪಾಯಸ ಮಾಡುವ ಗಸಗಸೆ ಬರುವುದು ಅಫೀಮು ಗಿಡದಿಂದ, ಅಂದರೆ ಪಪಾವರ್ ಸಾಮ್ನಿಫೆರಮ್‌ನಿಂದ. ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋರಗಢ ಭಾಗಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಬೆಳೆಯುವುದು ಅದನ್ನು. ಅದರ ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲಿನಲ್ಲಿ ಮಾರ್ಫಿನ್ ಇರುತ್ತದೆ. ಕೆಂಪು ಪಾಪ್ಪಿಯ ಹಾಲಿನಲ್ಲಿ ಮುಖ್ಯವಾಗಿರುವುದು ರೀಯಡೀನ್ ಎಂಬ ಬೇರೆಯೇ ಆಲ್ಕಲಾಯ್ಡ್; ಅದು ಅಫೀಮಿನಂತೆ ಅಮಲೇರಿಸುವಂಥದ್ದಲ್ಲ. ಎರಡು ಗಿಡಗಳನ್ನೂ ಒಂದೇ ಎಂದು ತಿಳಿಯುವ ತಪ್ಪು ಲೋಕದಲ್ಲೆಲ್ಲ ಇದೆ, ಮುಂದೆ ನೋಡುವಂತೆ ಅದು ರಾಜತಾಂತ್ರಿಕ ಇರಿಸುಮುರಿಸಿಗೂ ಕಾರಣವಾಗಿದೆ.

ನಮ್ಮ ಮಕ್ಕಳು ಕೊಂಬೆ ಬಗ್ಗಿಸಿ ಕಿತ್ತು ತಿನ್ನುವ ಗಸಗಸೆ ಹಣ್ಣಿನ ಮರಕ್ಕೆ ಇವೆರಡರ ಜೊತೆಗೂ ನಂಟಿಲ್ಲ. ಅದು ಅಮೆರಿಕ ಖಂಡದಿಂದ ಬಂದ ಮರ. ಹಣ್ಣಿನೊಳಗಿನ ಬೀಜ ಗಸಗಸೆಯಷ್ಟು ಸಣ್ಣದಾದ್ದರಿಂದ ಆ ಹೆಸರು ಬಂತು. ಪಾಪ್ಪಿಯ ಕುಟುಂಬದ ಗಿಡವೊಂದನ್ನು ನಮ್ಮ ನೆಲದಲ್ಲೇ ನೋಡಬೇಕೆಂದರೆ ಬಯಲುಸೀಮೆಯ ರಸ್ತೆಬದಿಗೆ, ಬೀಳುಬಿಟ್ಟ ಹೊಲಕ್ಕೆ ಹೋಗಬೇಕು. ಮೈಯೆಲ್ಲ ಮುಳ್ಳಾಗಿ, ಹಳದಿ ಹೂ ಬಿಟ್ಟು, ಮುರಿದರೆ ಹಳದಿ ಹಾಲು ಸುರಿಸುವ ಅರಿಶಿನ ಉಮ್ಮತ್ತಿ ಈ ಕುಟುಂಬದ್ದೇ. ಅದೂ ಮೆಕ್ಸಿಕೊ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ್ದು. ಅದರ ಬೀಜ ಸಾಸಿವೆಯಲ್ಲಿ ಬೆರೆತರೆ ಎಣ್ಣೆ ವಿಷವಾಗುತ್ತದೆ.

ಕೆಂಪು ಪಾಪ್ಪಿಯ ಜೊತೆ ಬಾಳಿದ ಜನರ ಭಾಷೆಗಳಲ್ಲಿ ಅದಕ್ಕೆ ಸೊಗಸಾದ ಹೆಸರುಗಳಿವೆ. ಫ್ರೆಂಚರು ಕೊಕ್ಲಿಕೊ ಎನ್ನುತ್ತಾರೆ. ಅದು ಹುಂಜದ ಕೂಗಿನಿಂದ ಹುಟ್ಟಿದ ಮಾತು. ಹೂವಿನ ಕೆಂಪು ಹುಂಜದ ಜುಟ್ಟನ್ನು ನೆನಪಿಸಿದ್ದರಿಂದ ಹೂವಿಗೂ ಅಂಟಿಕೊಂಡಿತು. ನಮ್ಮವರು ಇನ್ನೊಂದು ಹೂವಿಗೆ ಕೋಳಿಜುಟ್ಟು ಎಂದು ಹೆಸರಿಟ್ಟದ್ದೂ ಇದೇ ಕಣ್ಣಿನಿಂದ. ತುರ್ಕಿ ಭಾಷೆಯಲ್ಲಿ ಇದು ಗೆಲಿಂಜಿಕ್, ಎಂದರೆ ಪುಟ್ಟ ಮದುಮಗಳು. ಅಲ್ಲಿನ ಹಳ್ಳಿಗಳಲ್ಲಿ ಮದುಮಗಳ ಮುಸುಕು ಕೆಂಪು.

ಗಿಡ ಮತ್ತು ಹೂ

ಗಿಡ ಸಾಮಾನ್ಯವಾಗಿ ಮೊಣಕಾಲೆತ್ತರ. ಒಳ್ಳೆಯ ನೆಲದಲ್ಲಿ 70–80 ಸೆಂ.ಮೀ. ವರೆಗೂ ಏಳುತ್ತದೆ. ಕಾಂಡದ ತುಂಬ ಒರಟು ರೋಮ. ಎಲೆ ಗರಿಯಂತೆ ಸೀಳಿಕೊಂಡು ಅಂಚು ಹಲ್ಲುಹಲ್ಲಾಗಿರುತ್ತದೆ. ಮೊಗ್ಗು ಮೂಡಿದಾಗ ತೊಟ್ಟು ಕೊಕ್ಕೆಯಂತೆ ಬಾಗಿ, ಮೊಗ್ಗು ತಲೆತಗ್ಗಿಸಿ ನೇತಾಡುತ್ತದೆ. ಅರಳುವ ಹೊತ್ತಿಗೆ ತೊಟ್ಟು ತಾನಾಗಿ ನೆಟ್ಟಗಾಗುತ್ತದೆ.

ಅರಳುವುದನ್ನು ಬೆಳಗಿನ ಜಾವ ಹತ್ತಿರ ಕುಳಿತು ನೋಡಬೇಕು. ಮೊಗ್ಗನ್ನು ಮುಚ್ಚಿರುವ ಎರಡು ರೋಮದ ಪುಷ್ಪಪತ್ರಗಳ ನಡುವೆ ಮೊದಲು ಕೂದಲೆಳೆಯಷ್ಟು ಕೆಂಪು ಕಾಣುತ್ತದೆ. ಆ ಗೆರೆ ನಿಧಾನವಾಗಿ ಅಗಲವಾಗುತ್ತದೆ. ಒಳಗೆ ನಾಲ್ಕು ದಳಗಳು ಮುಷ್ಟಿಯಲ್ಲಿ ಹಿಡಿದ ರೇಷ್ಮೆ ವಸ್ತ್ರದಂತೆ ಮುದುರಿ ಕುಳಿತಿರುತ್ತವೆ. ಅವು ಹಿಗ್ಗಿ ಒತ್ತಿದಂತೆ ಪುಷ್ಪಪತ್ರಗಳೆರಡೂ ಕಳಚಿ ನೆಲಕ್ಕೆ ಬೀಳುತ್ತವೆ. ಹೊರಬಂದ ದಳಗಳ ಮೇಲೆ ಸುಕ್ಕು ಇನ್ನೂ ಇರುತ್ತದೆ. ಬಿಸಿಲೇರುತ್ತ ಅದು ಬಿಚ್ಚಿಕೊಂಡು ಹೂ ಬಟ್ಟಲಾಗುತ್ತದೆ. ಬಟ್ಟಲಿನ ಅಗಲ 5ರಿಂದ 10 ಸೆಂ.ಮೀ. ದಳದ ಬುಡದಲ್ಲಿ ಅನೇಕ ಬಾರಿ ಕಪ್ಪು ಮಚ್ಚೆ ಇರುತ್ತದೆ, ನಡುವೆ ನೀಲಿಗಪ್ಪು ಕೇಸರಗಳ ದಟ್ಟ ಉಂಗುರ. ಒಂದು ಹೂವಿನ ಆಯುಸ್ಸು ಒಂದೆರಡು ದಿನ. ಗಾಳಿ ಜೋರಾದರೆ ಮಧ್ಯಾಹ್ನಕ್ಕೇ ದಳ ಉದುರಿ ಬರೀ ಕಾಯಿ ಉಳಿಯುತ್ತದೆ. ಗಿಡ ಒಂದರ ಹಿಂದೆ ಒಂದು ಮೊಗ್ಗು ಬಿಡುತ್ತ ಹೋಗುವುದರಿಂದ ಹೊಲದ ಕೆಂಪು ಮಾತ್ರ ವಾರಗಟ್ಟಲೆ ಮಾಸುವುದಿಲ್ಲ.

ದಳ ತೀರ ತೆಳು, ಮೂರು ಜೀವಕೋಶಗಳಷ್ಟೇ ದಪ್ಪ. ಅಷ್ಟು ತೆಳುವಾದದ್ದಕ್ಕೆ ಇಷ್ಟು ಗಾಢ ಬಣ್ಣ ಹೇಗೆ ಬಂತು ಎಂಬುದನ್ನು ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದ್ದಾರೆ. ವರ್ಣದ್ರವ್ಯ ಮೇಲಿನ ಮತ್ತು ಕೆಳಗಿನ ಪದರದ ಕೋಶಗಳಲ್ಲಿ ದಟ್ಟವಾಗಿ ತುಂಬಿದೆ. ಆ ಕೋಶಗಳ ಅಂಚು ಅಂಕುಡೊಂಕಾಗಿ ಒಂದಕ್ಕೊಂದು ಹೆಣೆದುಕೊಂಡಿದೆ. ನಡುವೆ ಸಿಕ್ಕಿಕೊಂಡ ಗಾಳಿಯ ಎಡೆಗಳು ಬೆಳಕನ್ನು ಬಲವಾಗಿ ಚೆದುರಿಸುತ್ತವೆ. ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ದಳ ಒಳಗಿನಿಂದಲೇ ಹೊತ್ತಿಕೊಂಡಂತೆ ಕಾಣುವುದಕ್ಕೆ ಈ ರಚನೆಯೇ ಕಾರಣ.

ಈ ಕೆಂಪು ಯಾರಿಗಾಗಿ ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಹೂವಿನಲ್ಲಿ ಮಕರಂದವಿಲ್ಲ, ಕೊಡುವುದು ಪರಾಗ ಮಾತ್ರ. ಅದಕ್ಕಾಗಿ ಬರುವ ಜೇನ್ನೊಣಗಳ ಕಣ್ಣಿಗೆ ಕೆಂಪು ಒಂದು ಬಣ್ಣವಾಗಿ ಕಾಣುವುದೇ ಇಲ್ಲ; ನಮಗೆ ಕಾಣದ ನೇರಳಾತೀತ ಅವಕ್ಕೆ ಕಾಣುತ್ತದೆ. ಯುರೋಪಿನ ಪಾಪ್ಪಿಯ ದಳ ನೇರಳಾತೀತ ಬೆಳಕನ್ನು ಪ್ರತಿಫಲಿಸುತ್ತದೆ, ಜೇನ್ನೊಣ ಗುರುತಿಸುವುದು ಅದನ್ನು. ಮೆಡಿಟರೇನಿಯನ್ನಿನ ಪೂರ್ವ ದಂಡೆಯಲ್ಲಿ ಇದೇ ಜಾತಿಯ ಹೂವಿಗೆ ಆ ಗುಣವಿಲ್ಲ. ಅಲ್ಲಿ ಇದನ್ನು ಅರಸಿ ಬರುವುದು ರೋಮಭರಿತ ಜೀರುಂಡೆಗಳು, ಅವುಗಳ ಕಣ್ಣು ಕೆಂಪನ್ನು ಕಾಣಬಲ್ಲದು. ಒಂದೇ ಹೂ ಒಂದು ನಾಡಿನಲ್ಲಿ ಜೀರುಂಡೆಗೆ ಕೆಂಪಾಗಿ, ಇನ್ನೊಂದು ನಾಡಿನಲ್ಲಿ ಜೇನಿಗೆ ನೇರಳಾತೀತವಾಗಿ ಕಾಣಿಸಿಕೊಳ್ಳುತ್ತದೆ.

ಪರಾಗವನ್ನಲ್ಲದೆ ದಳವನ್ನೇ ಒಯ್ಯುವ ಒಂಟಿ ಜೇನೊಂದಿದೆ. ಹೆಣ್ಣು ಮರಳುಮಿಶ್ರಿತ ನೆಲದಲ್ಲಿ ಸಣ್ಣ ಗುಳಿ ತೋಡಿ, ಹೂವಿನಿಂದ ದಳದ ತುಂಡುಗಳನ್ನು ಕತ್ತರಿಸಿ ತಂದು, ಗೋಡೆಗೆ ಕಾಗದ ಅಂಟಿಸಿದಂತೆ ಒಳಗೆಲ್ಲ ಹಾಸುತ್ತದೆ. ಅದರೊಳಗೆ ಪರಾಗದ ಬುತ್ತಿ ಇಟ್ಟು, ಒಂದು ಮೊಟ್ಟೆಯಿಟ್ಟು, ದಳದ ಅಂಚುಗಳನ್ನು ಮೇಲಿನಿಂದ ಮಡಚಿ, ಮರಳಿನಿಂದ ಮುಚ್ಚುತ್ತದೆ. ಕೆಂಪು ತೊಟ್ಟಿಲಲ್ಲಿ ಮರಿ ಬೆಳೆಯುತ್ತದೆ. ಯುರೋಪಿನ ಹೊಲಗಳಿಂದ ಪಾಪ್ಪಿ ಮರೆಯಾದ ಕಡೆ ಈ ಜೇನು ವಿರಳವಾಗಿದೆ.

ತನ್ನದೇ ಪರಾಗದಿಂದ ಪಾಪ್ಪಿ ಕಾಯಿಕಟ್ಟುವುದಿಲ್ಲ. ಸ್ವಂತ ಪರಾಗ ಶಲಾಕಾಗ್ರದ ಮೇಲೆ ಬಿದ್ದರೆ ಅದನ್ನು ಗುರುತಿಸಿ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳು ಅಲ್ಲಿವೆ. ಪರಾಗದೊಳಗೆ ಕ್ಯಾಲ್ಸಿಯಮ್ ಏರುಪೇರಾಗಿ, ಪರಾಗಕಣ ತನ್ನನ್ನು ತಾನೇ ಕಳಚಿಕೊಂಡು ಸಾಯುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ನಡೆದ ಈ ಅಧ್ಯಯನದಿಂದ ಒಂದು ಹೊಲದ ಕಳೆ ಸಸ್ಯವಿಜ್ಞಾನದ ಪಠ್ಯಪುಸ್ತಕಗಳಿಗೆ ಸೇರಿತು.

ಮಣ್ಣಿನೊಳಗೆ ಕಾಯುವ ಬೀಜ

ಕಾಯಿ ನುಣುಪಾದ ಪುಟ್ಟ ಕುಡಿಕೆಯಂತಿದ್ದು, ಮೇಲೆ ಗೆರೆಗಳುಳ್ಳ ಚಪ್ಪಟೆ ಮುಚ್ಚಳ ಹೊತ್ತಿರುತ್ತದೆ. ಒಣಗಿದಾಗ ಮುಚ್ಚಳದ ಅಂಚಿನಡಿ ಸುತ್ತಲೂ ಕಿಟಕಿಗಳಂತೆ ರಂಧ್ರಗಳು ತೆರೆಯುತ್ತವೆ. ಉದ್ದ ತೊಟ್ಟು ಗಾಳಿಗೆ ತೊನೆದಾಡಿದಾಗಲೆಲ್ಲ ತೂತು ಮುಚ್ಚಳದ ಡಬ್ಬಿಯಿಂದ ಉಪ್ಪು ಉದುರಿದಂತೆ ಬೀಜ ಚೆಲ್ಲುತ್ತದೆ. ಬೀಜ ರಾಗಿ ಕಾಳಿಗಿಂತಲೂ ಸಣ್ಣದು, ಒಂದು ಮಿ.ಮೀ.ಗಿಂತ ಕಡಿಮೆ. ಚೆನ್ನಾಗಿ ಬೆಳೆದ ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಇವುಗಳಲ್ಲಿ ಬಹುಪಾಲು ಆ ವರ್ಷ ಮೊಳೆಯುವುದಿಲ್ಲ. ಉಳುಮೆಯಲ್ಲಿ ಆಳಕ್ಕೆ ಹೋದ ಬೀಜ ದಶಕಗಳ ಕಾಲ ಜೀವ ಹಿಡಿದು ಮಲಗಿರುತ್ತದೆ. ಮತ್ತೊಮ್ಮೆ ಯಾರೋ ಮಣ್ಣು ಮಗುಚಿ ಅದನ್ನು ಮೇಲಕ್ಕೆ ತಂದು ಬೆಳಕು ಸೋಕಿಸಿದಾಗ ಮೊಳಕೆ ಎಚ್ಚರಗೊಳ್ಳುತ್ತದೆ. ಹುಲ್ಲು ಒತ್ತಾಗಿ ಬೆಳೆದ ಗೋಮಾಳದಲ್ಲಾಗಲಿ ಕಾಡಿನಲ್ಲಾಗಲಿ ಪಾಪ್ಪಿ ತಲೆಯೆತ್ತಲಾರದು. ಬಯಲಾದ ಮಣ್ಣು ಅದಕ್ಕೆ ಬೇಕೇ ಬೇಕು. ಮನುಷ್ಯ ಉಳುಮೆ ಕಲಿಯುವ ಮೊದಲು ಅದು ಎಲ್ಲಿ ಬಾಳಿತ್ತೆಂದು ಹೇಳುವುದು ಇದರಿಂದಲೇ ಕಷ್ಟವಾಗಿದೆ. ಪೂರ್ವ ಮೆಡಿಟರೇನಿಯನ್ ಸುತ್ತಣ ನಾಡೇ ಅದರ ತವರೆಂದು ಸಾಮಾನ್ಯ ಅಭಿಪ್ರಾಯ. ಗೋಧಿ ಮತ್ತು ಬಾರ್ಲಿಯ ಬಿತ್ತನೆ ಕಾಳಿನಲ್ಲಿ ಬೆರೆತು, ಬೇಸಾಯ ಹೋದಲ್ಲೆಲ್ಲ ಅದೂ ಹೋಯಿತು. ಬ್ರಿಟನ್ನಿನ ಹೊಲಗಳಿಗೂ ಅದು ಹೀಗೆಯೇ, ಚರಿತ್ರೆ ಬರೆಯುವ ಕಾಲಕ್ಕಿಂತ ಬಹಳ ಮೊದಲೇ, ತಲುಪಿತು.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. ಗೊಬ್ಬರಗಳ ಪರಿಣಾಮ ತಿಳಿಯಲು 1843ರಲ್ಲಿ ಅಲ್ಲಿ ಗೋಧಿ ಬಿತ್ತಿದರು, ಆ ಪ್ರಯೋಗ ಇಂದಿಗೂ ನಿಂತಿಲ್ಲ. ವಿನಿಫ್ರೆಡ್ ಬ್ರೆಂಚ್ಲಿ ಎಂಬ ವಿಜ್ಞಾನಿ ಅಲ್ಲಿನ ಮಣ್ಣನ್ನು ತಂದು, ಅದರಿಂದ ಮೊಳೆತದ್ದನ್ನೆಲ್ಲ ವರ್ಷಗಟ್ಟಲೆ ಎಣಿಸಿ, ಹೊಲದ ಮಣ್ಣು ಎಷ್ಟು ದೊಡ್ಡ ಬೀಜದ ಕಣಜವೆಂದು ತೋರಿಸಿದಳು. ಆ ಲೆಕ್ಕದಲ್ಲಿ ಪಾಪ್ಪಿಯ ಪಾಲು ದೊಡ್ಡದು. ಬ್ರಾಡ್‌ಬಾಕ್‌ನ ಒಂದು ಭಾಗಕ್ಕೆ ಇಂದಿಗೂ ಕಳೆನಾಶಕ ಹಾಕಿಲ್ಲ. ಅಲ್ಲಿ ಗೋಧಿಯ ನಡುವೆ ಪಾಪ್ಪಿ ಹಳೆಯ ಕಾಲದಲ್ಲಿದ್ದಂತೆಯೇ ಅರಳುತ್ತದೆ.

ಉಳಿದೆಡೆ ಕಥೆ ಬೇರೆಯಾಯಿತು. ಬಿತ್ತನೆ ಬೀಜವನ್ನು ಯಂತ್ರದಿಂದ ಶುದ್ಧಗೊಳಿಸುವುದು ರೂಢಿಗೆ ಬಂತು. ಎರಡನೆಯ ಮಹಾಯುದ್ಧದ ನಂತರ 2,4-ಡಿ ಮುಂತಾದ ಕಳೆನಾಶಕಗಳು ಬಂದವು. ನಮ್ಮ ಜೋಳ, ಕಬ್ಬಿನ ಹೊಲಗಳಲ್ಲಿ ಅಗಲ ಎಲೆಯ ಕಳೆಗೆ ಸಿಂಪಡಿಸುವ ಔಷಧಿಯೇ ಅದು. ಒಂದೆರಡು ದಶಕದಲ್ಲಿ ಪಶ್ಚಿಮ ಯುರೋಪಿನ ಬಹುಪಾಲು ಹೊಲಗಳ ಕೆಂಪು ಅಳಿಸಿಹೋಯಿತು. ಹೂ ರಸ್ತೆ ಅಗಲಿಸುವಾಗ ಬಗೆದ ದಿಬ್ಬಗಳಿಗೆ, ಹೊಸ ಕಟ್ಟಡದ ಅಂಗಳಗಳಿಗೆ, ಹೊಲದ ಅಂಚುಗಳಿಗೆ ಸರಿಯಿತು. ಆದರೆ ಸ್ಪೇನಿನಲ್ಲಿ 1990ರ ದಶಕದಿಂದ 2,4-ಡಿಗೂ ಇನ್ನೊಂದು ಬಗೆಯ ಕಳೆನಾಶಕಕ್ಕೂ ಬಗ್ಗದ ಪಾಪ್ಪಿಗಳು ಕಾಣಿಸಿಕೊಂಡಿವೆ. ಅಲ್ಲಿನ ಗೋಧಿ ಬೆಳೆಗಾರನಿಗೆ ಅದು ಇಂದಿಗೂ ತಲೆನೋವಿನ ಕಳೆ. ಹೂವಿನ ಚೆಲುವನ್ನು ಬಣ್ಣಿಸುವವರು ಅವನ ಕಷ್ಟವನ್ನೂ ನೆನೆಯಬೇಕು.

ಹಳೆಯ ನಾಡುಗಳಲ್ಲಿ

ಈಜಿಪ್ಟಿನ ದೈರ್ ಎಲ್-ಬಹ್ರಿಯಲ್ಲಿ ದೊರೆತ ರಾಜಮನೆತನದ ಶವಗಳಲ್ಲಿ ನೆಸಿಖೊನ್ಸು ಎಂಬವಳದೂ ಒಂದು. ಅವಳ ಮೇಲೆ ಹೊದಿಸಿದ್ದ ಮಾಲೆಗಳಲ್ಲಿ ಕೆಂಪು ಪಾಪ್ಪಿಯ ದಳಗಳನ್ನು ಜರ್ಮನ್ ಸಸ್ಯವಿಜ್ಞಾನಿ ಗೆಯೋರ್ಗ್ ಶ್ವೈನ್‌ಫರ್ಟ್ 1880ರ ದಶಕದಲ್ಲಿ ಗುರುತಿಸಿದ. ಒಂದೆರಡು ದಿನವಷ್ಟೇ ಬಾಳುವ ದಳ ಆ ಒಣ ನೆಲದಲ್ಲಿ ಸುಮಾರು 3,000 ವರ್ಷ ಉಳಿದಿತ್ತು. ಗ್ರೀಕರ ಧಾನ್ಯದೇವತೆ ಡಿಮೀಟರ್, ರೋಮನರ ಸೀರೀಸ್, ಶಿಲ್ಪಗಳಲ್ಲಿ ಇಬ್ಬರ ಕೈಯಲ್ಲೂ ಗೋಧಿ ತೆನೆಯ ಜೊತೆ ಪಾಪ್ಪಿ ಇರುತ್ತದೆ. ಆ ಶಿಲ್ಪಗಳ ಕಾಯಿ ಹಲವೆಡೆ ಅಫೀಮು ಗಿಡದ್ದನ್ನು ಹೋಲುವುದೂ ಉಂಟು.

ಪಾರಸಿ ಮತ್ತು ಉರ್ದು ಕಾವ್ಯದಲ್ಲಿ ಲಾಲೆ ಎಂದರೆ ಟ್ಯುಲಿಪ್ ಆಗಬಹುದು, ಪಾಪ್ಪಿಯೂ ಆಗಬಹುದು. ಕೆಂಪು ಬಟ್ಟಲಿನ ತಳದ ಕಪ್ಪು ಮಚ್ಚೆ ಅಲ್ಲಿ ಪ್ರೇಮಿಯ ಎದೆಯಲ್ಲಿ ಸುಟ್ಟ ಗಾಯದ ಕಲೆ. ಕಾಶ್ಮೀರ ಕಣಿವೆಯಲ್ಲಿ ವಸಂತಕಾಲದಲ್ಲಿ ಹೊಲಗಳಲ್ಲಿ ಅರಳುವ ಕೆಂಪು ಪಾಪ್ಪಿಯನ್ನು ಗುಲಾಲ ಎನ್ನುತ್ತಾರೆ. ಭಾರತದಲ್ಲಿ ಈ ಹೂವನ್ನು ಅದರ ಸಹಜ ಸ್ಥಿತಿಯಲ್ಲಿ, ಬಿತ್ತದೆ ಬೆಳೆದದ್ದಾಗಿ, ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಪ್ಯಾಲೆಸ್ತೀನಿನಲ್ಲಿ ವಸಂತದ ಕೆಂಪು ಕಾಡುಹೂಗಳನ್ನು ಹನ್ನೂನ್ ಎಂದು ಕರೆಯುತ್ತಾರೆ. ಅಲ್ಲಿನ ಚಿತ್ರಗಳಲ್ಲೂ ಕಸೂತಿಯಲ್ಲೂ ಅದು ನೆಲದ ಗುರುತಾಗಿ ಬರುತ್ತದೆ.

ಚೀನದಲ್ಲಿ ಇದರ ಹೆಸರು ಯು ಮೇರೆನ್, ಎಂದರೆ ಸುಂದರಿ ಯು. ಕ್ರಿ.ಪೂ. 202ರಲ್ಲಿ ಹಾನ್ ಸೇನೆ ಸುತ್ತುವರಿದಾಗ ಸೋಲಿನಂಚಿನಲ್ಲಿದ್ದ ದೊರೆ ಶಿಯಾಂಗ್ ಯುವಿಗೆ ತಾನು ಭಾರವಾಗಬಾರದೆಂದು ಅವನ ಪ್ರೇಯಸಿ ಯು ಕತ್ತಿಯಿಂದ ಜೀವ ಬಿಟ್ಟಳೆಂದೂ, ಅವಳ ರಕ್ತ ಬಿದ್ದಲ್ಲಿ ಈ ಹೂ ಹುಟ್ಟಿತೆಂದೂ ಕಥೆ. ಮೊದಲ ಮಹಾಯುದ್ಧದ ರಣಭೂಮಿ ಫ್ಲಾಂಡರ್ಸಿನ ಹೆಸರನ್ನೇ ಕೇಳದ ನಾಡಿನಲ್ಲಿ, ಎರಡು ಸಾವಿರ ವರ್ಷ ಹಿಂದಿನ ಯುದ್ಧಕ್ಕೆ ಇದೇ ಹೂವನ್ನು ಜನ ಜೋಡಿಸಿದರು ಎಂಬುದು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಫ್ಲಾಂಡರ್ಸ್

ಬೆಲ್ಜಿಯಮ್ಮಿನ ಪಶ್ಚಿಮ ಭಾಗ ಮತ್ತು ಅದಕ್ಕೆ ತಾಗಿದ ಫ್ರಾನ್ಸಿನ ಬಯಲು ನೂರಾರು ವರ್ಷ ಸೇನೆಗಳು ತುಳಿದ ನೆಲ. 1693ರಲ್ಲಿ ಅದರ ಪೂರ್ವಕ್ಕೆ, ಲಾಂಡನ್ ಎಂಬ ಬೆಲ್ಜಿಯನ್ ಊರಿನ ಬಳಿ ದೊಡ್ಡ ಯುದ್ಧ ನಡೆಯಿತು. ಮರುವರ್ಷದ ಬೇಸಗೆಯಲ್ಲಿ ಆ ರಣಭೂಮಿಯೆಲ್ಲ ಪಾಪ್ಪಿಯಿಂದ ಕೆಂಪಾಯಿತೆಂದು ಮೆಕಾಲೆ ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ನಮ್ಮ ಇಂಗ್ಲಿಷ್ ಶಿಕ್ಷಣದ ಚರ್ಚೆಯಲ್ಲಿ ಬರುವ ಮೆಕಾಲೆಯೇ ಅವನು. ಆ ದಾರಿಯಲ್ಲಿ ಹೋದವರಿಗೆ ನೆಲವೇ ಸತ್ತವರ ರಕ್ತವನ್ನು ಹೊರಚೆಲ್ಲಿದಂತೆ ಕಂಡಿತೆಂದು ಅವನು ಬರೆಯುತ್ತಾನೆ.

1914ರ ಅಕ್ಟೋಬರಿನಿಂದ ನಾಲ್ಕು ವರ್ಷ ಈಪ್ರ್ ಪಟ್ಟಣದ ಸುತ್ತ ಭೂಮಿಯನ್ನು ಫಿರಂಗಿಗಳು ಅಗೆದುಹಾಕಿದವು. ಕಂದಕ ತೋಡಿದರು, ಗೋರಿ ತೋಡಿದರು. ಹೊಲದ ಮಣ್ಣಿನಲ್ಲಿ ತಲೆಮಾರುಗಳಿಂದ ಬಿದ್ದಿದ್ದ ಬೀಜ ಮೇಲಕ್ಕೆ ಬಂತು. ಕುಸಿದ ಮನೆಗಳ ಸುಣ್ಣ ಮಣ್ಣಿಗೆ ಬೆರೆಯಿತು. ಸ್ಪರ್ಧೆಗೆ ಹುಲ್ಲಿಲ್ಲ, ಬೆಳೆಯಿಲ್ಲ. ಹಸಿರೆಲ್ಲ ಸತ್ತ ನೆಲದಲ್ಲಿ, ಹೊಸದಾಗಿ ತೋಡಿದ ಗೋರಿಗಳ ಮೇಲೆ, ಸೈನಿಕರು ಕಂಡ ಮೊದಲ ಹೂ ಇದು.

1915ರ ಏಪ್ರಿಲ್ 22ರಂದು ಜರ್ಮನರು ಇಲ್ಲಿ ಕ್ಲೋರಿನ್ ವಿಷಾನಿಲ ಬಿಟ್ಟರು. ಏಪ್ರಿಲ್ 26ರಂದು ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಪ್ರತಿದಾಳಿಗೆ ನುಗ್ಗಿ ಬಹಳ ಜನರನ್ನು ಕಳೆದುಕೊಂಡಿತು. ಅಂದಿನ ಶೌರ್ಯಕ್ಕೆ ಜಮಾದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅದೇ ವಲಯದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಕೆನಡದ ವೈದ್ಯ ಜಾನ್ ಮೆಕ್ರೇಯ ಎಳೆಯ ಗೆಳೆಯ ಅಲೆಕ್ಸಿಸ್ ಹೆಲ್ಮರ್ ಮೇ 2ರಂದು ಫಿರಂಗಿ ಗುಂಡಿಗೆ ಬಲಿಯಾದ. ಮರುದಿನ ಮೆಕ್ರೇ ಬರೆದ ಸಣ್ಣ ಕವಿತೆಯೇ ‘ಇನ್ ಫ್ಲಾಂಡರ್ಸ್ ಫೀಲ್ಡ್ಸ್’. ಶಿಲುಬೆಗಳ ಸಾಲು, ನಡುವೆ ಪಾಪ್ಪಿಗಳು, ಸತ್ತವರೇ ಬದುಕಿರುವವರೊಡನೆ ಮಾತಾಡುವ ರೀತಿ. ಲಂಡನ್ನಿನ ‘ಪಂಚ್’ ಪತ್ರಿಕೆ ಅದನ್ನು 1915ರ ಡಿಸೆಂಬರ್ 8ರಂದು ಪ್ರಕಟಿಸಿತು. ಅದರ ಕೊನೆಯ ಭಾಗ ಶತ್ರುವಿನೊಡನೆ ಹೋರಾಟ ಮುಂದುವರಿಸಿರೆಂದು ಹೇಳುವುದರಿಂದ ಸೈನ್ಯಕ್ಕೆ ಜನ ಸೇರಿಸುವುದಕ್ಕೂ ಅದನ್ನು ಬಳಸಿದರು. ಶಾಂತಿಗೀತೆಯೆಂದು ಓದುವವರು ಇದನ್ನು ಮರೆಯಬಾರದು. ಯುದ್ಧ ಮುಗಿಯುವುದನ್ನು ಮೆಕ್ರೇ ಕಾಣಲಿಲ್ಲ. 1918ರ ಜನವರಿ 28ರಂದು ಫ್ರಾನ್ಸಿನಲ್ಲಿ ನ್ಯುಮೋನಿಯದಿಂದ ತೀರಿಕೊಂಡ.

ಕವಿತೆಯಿಂದ ಹೂ ಎದೆಗೆ ಬಂದದ್ದು ಇಬ್ಬರು ಹೆಂಗಸರಿಂದ. ಅಮೆರಿಕದ ಜಾರ್ಜಿಯ ರಾಜ್ಯದ ಅಧ್ಯಾಪಕಿ ಮೊಯಿನಾ ಮೈಕೆಲ್ ಯುದ್ಧ ನಿಲ್ಲುವ ಎರಡು ದಿನ ಮೊದಲು, 1918ರ ನವೆಂಬರ್ 9ರಂದು, ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಈ ಕವಿತೆ ಓದಿ ಕಲಕಿಹೋದಳು. ಇನ್ನು ಮುಂದೆ ಸದಾ ಕೆಂಪು ಪಾಪ್ಪಿ ಧರಿಸುವೆನೆಂದು ನಿಶ್ಚಯಿಸಿ, ಅಂಗಡಿಗೆ ಹೋಗಿ ರೇಷ್ಮೆಯ ಪಾಪ್ಪಿಗಳನ್ನು ಕೊಂಡು ಹಂಚಿದಳು. ಫ್ರಾನ್ಸಿನ ಆ್ಯನಾ ಗೆರಾಂ ಅದನ್ನು ಸಹಾಯಧನದ ದಾರಿಯಾಗಿಸಿದಳು. ಯುದ್ಧದಲ್ಲಿ ಹಾಳಾದ ಫ್ರೆಂಚ್ ಪ್ರದೇಶಗಳ ಹೆಂಗಸರು ಮತ್ತು ಮಕ್ಕಳು ಬಟ್ಟೆಯ ಹೂ ಮಾಡುವುದು, ಮಿತ್ರದೇಶಗಳಲ್ಲಿ ಅದನ್ನು ಮಾರುವುದು ಅವಳ ಯೋಜನೆ. 1920ರಲ್ಲಿ ಅಮೆರಿಕದ ಮಾಜಿ ಸೈನಿಕರ ಸಂಘ ಈ ಗುರುತನ್ನು ಒಪ್ಪಿತು, 1921ರಲ್ಲಿ ಕೆನಡ ಮತ್ತು ಬ್ರಿಟನ್ ಅನುಸರಿಸಿದವು. ಬ್ರಿಟನ್ನಿನ ಮಾಜಿ ಸೈನಿಕರ ಸಂಘವಾದ ಬ್ರಿಟಿಷ್ ಲೀಜನ್ 1921ರ ನವೆಂಬರ್ 11ಕ್ಕೆ ತರಿಸಿದ 90 ಲಕ್ಷ ಹೂಗಳು ಬೇಗನೆ ಖಾಲಿಯಾಗಿ, 1,06,000 ಪೌಂಡ್ ಕೂಡಿತು. ನ್ಯೂಜಿಲೆಂಡಿಗೆ ಹೊರಟ ಹೂವಿನ ಹಡಗು ತಡವಾದ್ದರಿಂದ ಅಲ್ಲಿ ಮೊದಲ ಪಾಪ್ಪಿ ದಿನವನ್ನು 1922ರ ಏಪ್ರಿಲ್ 24ಕ್ಕೆ, ಅವರು ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆ್ಯನ್‌ಜಾಕ್ ದಿನದ ಹಿಂದಿನ ದಿನಕ್ಕೆ, ಇಟ್ಟುಕೊಂಡರು. ಇಂದಿಗೂ ಅಲ್ಲಿ ಪಾಪ್ಪಿ ಏಪ್ರಿಲಿನ ಹೂ.

1922ರಲ್ಲಿ ಮೇಜರ್ ಜಾರ್ಜ್ ಹೌಸನ್ ಲಂಡನ್ನಿನಲ್ಲಿ ಪಾಪ್ಪಿ ಕಾರ್ಖಾನೆ ತೆರೆದ. ಕೈಯೋ ಕಾಲೋ ಕಳೆದುಕೊಂಡ ಸೈನಿಕರಿಗೆ ಅಲ್ಲಿ ಕೆಲಸ. ಒಂದೇ ಕೈಯಿಂದಲೂ ಜೋಡಿಸಬಲ್ಲಂತೆ ಹೂವಿನ ಮಾದರಿಯನ್ನು ಸರಳವಾಗಿಟ್ಟರು: ಕೆಂಪು ದಳ, ನಡುವೆ ಕಪ್ಪು ಗುಂಡಿ, ಹಸಿರು ದಂಟು. ಸ್ಕಾಟ್ಲೆಂಡಿನಲ್ಲಿ 1926ರಲ್ಲಿ ಬೇರೆಯೇ ಕಾರ್ಖಾನೆ ಶುರುವಾಯಿತು. ಅಲ್ಲಿನ ಹೂವಿಗೆ ಎಲೆಯಿಲ್ಲ, ದಳ ನಾಲ್ಕು. ಗಿಡವನ್ನು ಬಲ್ಲವರ ಮೆಚ್ಚುಗೆ ಸಹಜವಾಗಿ ಸ್ಕಾಟರ ಹೂವಿಗೇ ಸಲ್ಲುತ್ತದೆ. ಲೀಜನ್ 2023ರಿಂದ ಪ್ಲಾಸ್ಟಿಕ್ ಬಿಟ್ಟು ಪೂರ್ತಿ ಕಾಗದದ ಹೂ ಕೊಡತೊಡಗಿದೆ.

ಯುದ್ಧದ ಶತಮಾನೋತ್ಸವದ ವರ್ಷ 2014ರಲ್ಲಿ ಪಾಲ್ ಕಮ್ಮಿನ್ಸ್ ಮತ್ತು ಟಾಮ್ ಪೈಪರ್ ಎಂಬ ಕಲಾವಿದರು ಲಂಡನ್ ಗೋಪುರದ ಒಣ ಕಂದಕದಲ್ಲಿ ಸುಟ್ಟ ಮಣ್ಣಿನ 8,88,246 ಪಾಪ್ಪಿಗಳನ್ನು ನೆಟ್ಟರು. ಬ್ರಿಟನ್ ಮತ್ತು ಅದರ ವಸಾಹತುಗಳ ಕಡೆ ಸತ್ತ ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಹೂ. ಕಂದಕದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹರಡಿದ ಕೆಂಪನ್ನು ಕಂಡವರಿಗೆ, ಪುಸ್ತಕದಲ್ಲಿ ಓದಿದ ಅಂಕೆ ಮೊದಲ ಬಾರಿಗೆ ಕಣ್ಣಿಗೆ ಸಿಕ್ಕಿತು.

ಭಾರತದವರ ಹೂ

ಯುದ್ಧದಲ್ಲಿ ಮಡಿದವರಲ್ಲಿ ನಮ್ಮವರೂ ಇದ್ದಾರೆ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು 13 ಲಕ್ಷಕ್ಕೂ ಹೆಚ್ಚು, ಮಡಿದವರು ಸುಮಾರು 74,000. ಫ್ರಾನ್ಸಿನ ನವ್ ಶಾಪೆಲ್ ಎಂಬ ಊರಿನಲ್ಲಿ 1927ರ ಅಕ್ಟೋಬರ್ 7ರಂದು ತೆರೆದ ಭಾರತೀಯ ಸ್ಮಾರಕದಲ್ಲಿ, ಗೋರಿಯೂ ಸಿಗದ 4,700ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಹರ್ಬರ್ಟ್ ಬೇಕರ್ ರೂಪಿಸಿದ ಆ ಸ್ಮಾರಕದ ಕಂಬದ ತಲೆಯಲ್ಲಿ ಕೆತ್ತಿರುವುದು ಪಾಪ್ಪಿಯಲ್ಲ, ತಾವರೆ.

ಬ್ರಿಟನ್ನಿನಲ್ಲಿ ಪಾಪ್ಪಿ ಧರಿಸುವಾಗ ಈ ಲಕ್ಷಾಂತರ ಜನರ ನೆನಪು ಬಹುಕಾಲ ಆಗಲೇ ಇಲ್ಲ. ಅದನ್ನು ಸರಿಪಡಿಸುವ ಒಂದು ಹೆಜ್ಜೆಯಾಗಿ 2018ರಲ್ಲಿ ರಾಯಲ್ ಬ್ರಿಟಿಷ್ ಲೀಜನ್ ಖಾದಿ ಬಟ್ಟೆಯ ಪಾಪ್ಪಿ ಹೊರತಂದಿತು. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಮಡಿದ ಭಾರತೀಯ ಯೋಧರ ನೆನಪಿಗೆ ಚೆಂಡುಹೂವನ್ನು ಗುರುತಾಗಿ ಮುಂದಿಟ್ಟಿತು. ಈ ಆಯ್ಕೆ ಸರಿಯಾದದ್ದು. ಈಪ್ರ್‌ನಲ್ಲಿ ಸತ್ತ ಸಿಪಾಯಿಯ ಹಳ್ಳಿಯಲ್ಲಿ ಪಾಪ್ಪಿಯನ್ನು ಬಲ್ಲವರು ಇದ್ದಿರಲಾರರು. ಹೆಣದ ಮೇಲೂ ದೇವರ ಮೇಲೂ ಹಾಕುವ ಚೆಂಡುಹೂವಿನ ಮಾಲೆ ಎಲ್ಲರಿಗೂ ಗೊತ್ತಿತ್ತು.

ಕರ್ನಾಟಕದ ನಂಟು ಪಾಪ್ಪಿಯ ತವರಿನ ಕಡೆಗೇ ಕರೆದೊಯ್ಯುತ್ತದೆ. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಲ್ಯಾನ್ಸರ್ಸ್ ಪಡೆಗಳು 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟದ ತಪ್ಪಲಿನ ಹೈಫಾ ಪಟ್ಟಣವನ್ನು ಕುದುರೆಯೇರಿ ಗೆದ್ದವು. ಮೆಷಿನ್‌ಗನ್ನಿಗೆ ಭರ್ಜಿ ಹಿಡಿದು ಎದುರಾದ ಮೈಸೂರು ಪಡೆಯ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಯುದ್ಧ ನಡೆದದ್ದು ಒಣಗಿದ ಕಾಲದಲ್ಲಿ. ಆ ಬೆಟ್ಟದಲ್ಲಿ ಪಾಪ್ಪಿ ಅರಳುವುದು ಚಳಿಗಾಲದ ಮಳೆ ಮುಗಿದ ವಸಂತದಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಈ ಹೂ ಪೋಲೆಂಡಿನದಾಯಿತು. ಇಟಲಿಯ ಮಾಂಟೆ ಕಸಿನೊ ಬೆಟ್ಟದ ಮಠಕ್ಕಾಗಿ ಹಲವು ತಿಂಗಳು ಕಾದಾಟ ನಡೆದು, ಅದರಲ್ಲಿ ಭಾರತೀಯ ಡಿವಿಷನ್ನುಗಳೂ ಬಹಳ ಜನರನ್ನು ಕಳೆದುಕೊಂಡಿದ್ದವು. ಕೊನೆಗೆ 1944ರ ಮೇ 18ರಂದು ಪೋಲಿಷ್ ಸೈನಿಕರು ಬೆಟ್ಟ ಹತ್ತಿದರು. ಮಾಂಟೆ ಕಸಿನೊದ ಕೆಂಪು ಪಾಪ್ಪಿಗಳ ಮೇಲೆ ಫೆಲಿಕ್ಸ್ ಕೊನಾರ್ಸ್ಕಿ ಆ ದಿನಗಳಲ್ಲೇ ಬರೆದ ಹಾಡನ್ನು ಪೋಲೆಂಡಿನವರು ಇಂದಿಗೂ ಎದ್ದುನಿಂತು ಹಾಡುತ್ತಾರೆ.

ತಕರಾರು

ಗುರುತು ದೊಡ್ಡದಾದಂತೆ ತಕರಾರೂ ಬಂತು. ಯುದ್ಧವನ್ನೇ ತಡೆಯಬೇಕು, ಸತ್ತವರಲ್ಲಿ ಎಲ್ಲ ದೇಶದವರನ್ನೂ ನೆನೆಯಬೇಕು ಎಂದು ಬ್ರಿಟನ್ನಿನ ಸಹಕಾರಿ ಮಹಿಳಾ ಸಂಘ 1933ರಲ್ಲಿ ಬಿಳಿ ಪಾಪ್ಪಿ ಹಂಚಿತು. ಯುದ್ಧದಲ್ಲಿ ಗಂಡ, ಮಗ, ಅಣ್ಣತಮ್ಮಂದಿರನ್ನು ಕಳೆದುಕೊಂಡ ಹೆಂಗಸರೇ ಅವರಲ್ಲಿ ಬಹಳಷ್ಟು ಮಂದಿ. ಹಾಗೆ ಧರಿಸಿದ ಕೆಲವರು ಕೆಲಸ ಕಳೆದುಕೊಂಡರು. ಇಂದಿಗೂ ಬಿಳಿ ಹೂ ಮಾರಾಟದಲ್ಲಿದೆ. ಕೆಂಪು ಹೂವಿಗೆ ಅದು ಅವಮಾನ ಎಂಬ ಮಾತು ಸರಿಯಲ್ಲ. ಅದನ್ನು ಮೊದಲು ಮಾಡಿದವರ ದುಃಖ ಯಾರ ದುಃಖಕ್ಕೂ ಕಡಿಮೆಯಿರಲಿಲ್ಲ.

ಉತ್ತರ ಐರ್ಲೆಂಡಿನಲ್ಲಿ ಕೆಂಪು ಪಾಪ್ಪಿ ಬ್ರಿಟಿಷ್ ಸೇನೆಯ ಗುರುತು. ಆ ಸೇನೆಯನ್ನು ಬೀದಿಯಲ್ಲಿ ಎದುರಿಸಿದ ಸಮುದಾಯಕ್ಕೆ ಅದನ್ನು ಧರಿಸುವುದು ಕಷ್ಟ. 1987ರ ನವೆಂಬರ್ 8ರಂದು ಎನಿಸ್ಕಿಲನ್ ಪಟ್ಟಣದ ಯುದ್ಧಸ್ಮಾರಕದ ಬಳಿ, ಸ್ಮರಣೆಗೆ ನೆರೆದ ಜನರ ನಡುವೆ, ಐಆರ್‌ಎ ಎಂಬ ಐರಿಷ್ ಸಶಸ್ತ್ರ ಸಂಘಟನೆಯ ಬಾಂಬಿಗೆ 11 ಮಂದಿ ಸತ್ತರು. 2010ರಲ್ಲಿ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಪಾಪ್ಪಿ ಧರಿಸಿ ಬೀಜಿಂಗಿಗೆ ಹೋದಾಗ, ಅದು ಅಫೀಮು ಯುದ್ಧಗಳನ್ನು ನೆನಪಿಸುತ್ತದೆ ಎಂದು ಚೀನದ ಅಧಿಕಾರಿಗಳು ತೆಗೆಯಲು ಕೇಳಿದರೆಂದು ಪತ್ರಿಕೆಗಳು ವರದಿ ಮಾಡಿದವು. ಅವರು ತೆಗೆಯಲಿಲ್ಲ. ಎರಡು ಜಾತಿಗಳ ನಡುವಣ ಹಳೆಯ ಗೊಂದಲ ಅಲ್ಲಿಗೂ ಬಂತು. ಆದರೂ ಚೀನೀಯರ ನೋವು ಸುಳ್ಳಲ್ಲ. ಅಂದು ಅವರ ನಾಡಿಗೆ ಸುರಿದ ಅಫೀಮು ಬೆಳೆದದ್ದು ನಮ್ಮದೇ ಬಿಹಾರ, ಮಾಳ್ವಗಳ ಹೊಲಗಳಲ್ಲಿ.

ಅಡುಗೆ, ಚಿತ್ರ, ತೋಟ

ಇಟಲಿಯ ಹಳ್ಳಿಗಳಲ್ಲಿ ಹೂ ಬಿಡುವ ಮೊದಲಿನ ಎಳೆ ಎಲೆಗಳನ್ನು ಸೊಪ್ಪಿನಂತೆ ಬೇಯಿಸಿ ತಿನ್ನುತ್ತಾರೆ. ತುರ್ಕಿಯ ಬೋಜ್‌ಜಾಡ ದ್ವೀಪದಲ್ಲಿ ದಳಗಳಿಂದ ಕೆಂಪು ಶರಬತ್ತು ಮಾಡುತ್ತಾರೆ. ಯುರೋಪಿನ ಔಷಧಿ ಅಂಗಡಿಗಳಲ್ಲಿ ದಳದ ಪಾಕ ಕೆಮ್ಮಿನ ಮದ್ದಾಗಿಯೂ ಬೇರೆ ಮದ್ದುಗಳಿಗೆ ಬಣ್ಣವಾಗಿಯೂ ಸಲ್ಲುತ್ತಿತ್ತು. ಗಿಡದ ಹಾಲು ಹೆಚ್ಚು ಸೇರಿದರೆ ದನಗಳಿಗೆ ಒಳ್ಳೆಯದಲ್ಲ. ಕ್ಲೋದ್ ಮೊನೆ 1873ರಲ್ಲಿ ಅರ್ಜಾಂತೈ ಬಳಿಯ ಇಳಿಜಾರಿನ ಪಾಪ್ಪಿಗಳನ್ನು ಕುಂಚದ ಬರಿಯ ಕೆಂಪು ಚುಕ್ಕೆಗಳಾಗಿ ಚಿತ್ರಿಸಿದ. ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಕೊಡೆ ಹಿಡಿದ ಹೆಂಗಸಿನ ಮುಂದಿನ ಹೂವಿನ ಚುಕ್ಕೆಗಳು ಅಳತೆಮೀರಿ ದೊಡ್ಡವು.

ತೋಟದ ಪಾಪ್ಪಿಗೆ ಒಬ್ಬ ಪಾದ್ರಿಯ ತಾಳ್ಮೆ ಕಾರಣ. ಲಂಡನ್ನಿನ ದಕ್ಷಿಣದ ಶರ್ಲಿ ಎಂಬ ಊರಿನ ವಿಲಿಯಮ್ ವಿಲ್ಕ್ಸ್ 1880ರಲ್ಲಿ ತನ್ನ ತೋಟದ ಮೂಲೆಯ ಕಾಡು ಪಾಪ್ಪಿಗಳ ನಡುವೆ ದಳದ ಅಂಚು ಬಿಳಿಯಾದ ಒಂದು ಹೂ ಕಂಡು, ಅದರ ಬೀಜ ಕಾದಿಟ್ಟು ಬಿತ್ತಿದ. ವರ್ಷ ವರ್ಷವೂ ಒಳ್ಳೆಯವನ್ನಷ್ಟೇ ಉಳಿಸಿಕೊಳ್ಳುತ್ತ, ಕಪ್ಪು ಮಚ್ಚೆಯನ್ನು ಪೂರ್ತಿ ಕಳೆದು, ಗುಲಾಬಿ, ಬಿಳಿ, ತೆಳು ಕೆಂಪಿನ ತಳಿಗಳನ್ನು ಪಡೆದ. ಅವೇ ಶರ್ಲಿ ಪಾಪ್ಪಿಗಳು. ಭಾರತದ ಬಯಲು ಪ್ರದೇಶಗಳ ಉದ್ಯಾನಗಳಲ್ಲಿ ಚಳಿಗಾಲದಲ್ಲಿ ಬೆಳೆಯುವುದು ಹೆಚ್ಚಾಗಿ ಇವನ್ನೇ. ಬೆಂಗಳೂರಿನಂಥ ಕಡೆ ಮಳೆ ಹಿಮ್ಮೆಟ್ಟಿದ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಬೇಕು. ತಾಯಿಬೇರು ಕದಲಿದರೆ ಗಿಡ ಸೊರಗುವುದರಿಂದ ಸಸಿ ಕಿತ್ತು ನಡುವಂತಿಲ್ಲ; ಹೂ ಎಲ್ಲಿ ಬೇಕೋ ಅಲ್ಲೇ ಬೀಜ ಹಾಕಬೇಕು. ಬೀಜ ತೀರ ಸಣ್ಣದಾದ್ದರಿಂದ ಒಣ ಮರಳಿನೊಡನೆ ಬೆರೆಸಿ, ಸಡಿಲಿಸಿದ ಮಣ್ಣಿನ ಮೇಲೆ ತೆಳ್ಳಗೆ ಚೆಲ್ಲಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮೇಲೆ ಮಣ್ಣು ಮುಚ್ಚಬಾರದು. ಮುಚ್ಚಿದರೆ ಬೀಜ ಸಾಯುವುದಿಲ್ಲ, ಮೊಳೆಯುವುದೂ ಇಲ್ಲ. ಮುಂದಿನ ಸಲ ಯಾರಾದರೂ ಆ ಪಾತಿಯನ್ನು ಅಗೆಯುವವರೆಗೆ ಹಾಗೆಯೇ ಇರುತ್ತದೆ.